ಮುದೀರ್ ಹಾಕುತ್ತಿದ್ದ ಕುರ್ಚಿ

ಮುದೀರ್ ತೀರಿಕೊಂಡರೆಂದು ಅವರ ಮಗಳು ಅಬುಧಾಬಿಯಿಂದ ಫೋನ್ ಮಾಡಿ ಹೇಳಿದಳು. ಅಲ್ ರೀಮ್ ಐಲ್ಯಾಂಡಿನ ಒಂದು ಆಫೀಸಿನಲ್ಲಿ ಈಗ ಅವಳದು ದೊಡ್ಡ ಹುದ್ದೆ. ನಾನು ಕಂಡಾಗ ಶಾಲೆಯ ಯೂನಿಫಾರಂನಲ್ಲಿದ್ದಳು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ಆ ದಿನ ಕನ್ನಡದಲ್ಲೇ ಮಾತಾಡಿದಳು.

“ಅಂಕಲ್, ಪಪ್ಪನ ಸ್ವೆಟರ್ ನಿಮ್ಮ ಹತ್ರ ಉಂಟಾ? ರಿಂಕಲ್ಲೇ ಬಿಟ್ಟು ಬಂದೆ ಅಂತ ಯಾವಾಗ್ಲೂ ಹೇಳ್ತಿದ್ರು.”

ಇಲ್ಲ ಎಂದೆ. ನನ್ನ ಆಫೀಸಿನ ಮೊಳೆಗೆ ಅದು ಹಲವು ವರ್ಷ ತೂಗಿಕೊಂಡಿತ್ತು. ರಿಂಕಿನ ದುರಸ್ತಿ ನಡೆದಾಗ ಎಲ್ಲಿ ಹೋಯಿತೋ ತಿಳಿಯದು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು ಪರವಾಗಿಲ್ಲ ಎಂದಳು.

ಅವರಿಗೆ ತಂದೆತಾಯಿ ಇಟ್ಟ ಹೆಸರೊಂದಿತ್ತು. ದುಬೈಯಲ್ಲಿ ಆ ಹೆಸರಿನಿಂದ ಕರೆಯುತ್ತಿದ್ದವರು ಅವರ ಹೆಂಡತಿ ಮತ್ತು ಬ್ಯಾಂಕಿನವರು ಮಾತ್ರ. ಮುದೀರ್ ಎಂದರೆ ಅರಬಿಯಲ್ಲಿ ಮ್ಯಾನೇಜರ್. ಆಟಗಾರರು ಹಾಗೆ ಕರೆದರು, ನಾನೂ ಕರೆದೆ. ಈಗ ಬೇರೆ ಹೆಸರಿನಲ್ಲಿ ಬರೆದರೆ ಅದು ಅವರೇ ಎಂದು ನನಗೆ ಅನ್ನಿಸುವುದಿಲ್ಲ.

ವಾಯುಸೇನೆಯಿಂದ ನಿವೃತ್ತನಾದ ಮೇಲೆ ನಾನು ದುಬೈಯ ಒಂದು ಐಸ್ ರಿಂಕಿನ ಉಸ್ತುವಾರಿಗೆ ಸೇರಿದೆ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಹೊರಗೆ ಕಾರಿನ ಬಾಗಿಲು ಮುಟ್ಟಿದರೆ ಕೈ ಸುಡುವಷ್ಟು ಬಿಸಿಲು. ಒಳಗೆ ದೊಡ್ಡ ಅಂಗಳದಷ್ಟು ಮಂಜುಗಡ್ಡೆ. ಬೆಳಿಗ್ಗೆ ಶಾಲೆಯ ಮಕ್ಕಳು, ಮಧ್ಯಾಹ್ನ ಸಾರ್ವಜನಿಕರು, ಸಂಜೆ ಹಾಕಿ. ಹೊಸದಾಗಿ ಕಲಿಯುವವರಿಗೆ ಹಿಡಿದು ತಳ್ಳಿಕೊಂಡು ಹೋಗಲು ಕಬ್ಬಿಣದ ಚೌಕಟ್ಟು ಕೊಡುತ್ತಿದ್ದೆವು. ಪ್ರತಿ ತಂಡಕ್ಕೂ ವೇಳೆ ನಿಗದಿ. ವೇಳೆ ಮುಗಿದರೆ ನಾನು ಹಾರ್ನ್ ಒತ್ತುತ್ತಿದ್ದೆ. ಐಸ್ ಸಮ ಮಾಡುವ ಯಂತ್ರ ಒಳಗೆ ಬರುತ್ತಿತ್ತು. ಯಾರಿಗೂ ವಿನಾಯಿತಿ ಇರಲಿಲ್ಲ.

ಇದು ನಮ್ಮ ಮೈದಾನದ ಹಾಕಿಯಲ್ಲ. ಬ್ಲೇಡಿನ ಬೂಟು ಹಾಕಿಕೊಂಡು, ರಬ್ಬರಿನ ಗಟ್ಟಿ ಬಿಲ್ಲೆಯೊಂದನ್ನು ಕೋಲಿನಿಂದ ಅಟ್ಟಿಕೊಂಡು ಹೋಗುವ ಆಟ. ದುಬೈ, ಅಬುಧಾಬಿ, ಅಲ್ ಐನ್‌ಗಳಲ್ಲಿ ಕೆಲವು ತಂಡಗಳಿದ್ದವು. ಹೆಚ್ಚಿನವರು ಹವ್ಯಾಸಕ್ಕೆ ಆಡುವವರು. ಸಂಬಳ ಪಡೆದು ಆಡುವವರಿದ್ದದ್ದು ನಮ್ಮ ರಿಂಕಿನ ಒಂದೇ ತಂಡದಲ್ಲಿ. ಅದು ರಾಸ್ ಅಲ್ ಖೋರ್‌ನಲ್ಲಿ ಗೋದಾಮುಗಳಿದ್ದ ಒಂದು ವ್ಯಾಪಾರಿ ಮನೆತನದ್ದು. ಆ ಮನೆಯ ಯಜಮಾನರನ್ನು ಎಲ್ಲರೂ ಅರ್ಬಾಬ್ ಎನ್ನುತ್ತಿದ್ದರು. ಅರ್ಬಾಬ್ ಚಿಕಿತ್ಸೆಗೆಂದು ಯಾವುದೋ ಚಳಿದೇಶಕ್ಕೆ ಹೋಗಿ, ಆಸ್ಪತ್ರೆಯ ಟಿವಿಯಲ್ಲಿ ಈ ಆಟ ನೋಡಿ, ಗುಣವಾಗಿ ಬಂದು ತಂಡ ಕಟ್ಟಿದರು. ಮಂಡಿ ನೋವಿನ ಮನುಷ್ಯ. ಒಂದು ದಿನವೂ ಐಸ್ ಮೇಲೆ ಕಾಲಿಟ್ಟವರಲ್ಲ.

ಮುದೀರ್ ಅರ್ಬಾಬರ ಕಂಪನಿಯಲ್ಲಿ ವೀಸಾ ಕೆಲಸ ನೋಡುತ್ತಿದ್ದರು. ಉಡುಪಿ ಕಡೆಯವರು. ವಿದೇಶಿ ಆಟಗಾರರಿಗೆ ವೀಸಾ ಮಾಡಿಸಬೇಕಾಯಿತು, ಮಾಡಿಸಿದರು. ಅವರನ್ನು ವಿಮಾನ ನಿಲ್ದಾಣದಿಂದ ಕರೆತರಬೇಕಾಯಿತು, ಕರೆತಂದರು. ಫ್ಲಾಟ್ ಹುಡುಕಿ ಕೊಟ್ಟರು, ಹಲ್ಲುನೋವಿಗೆ ಡಾಕ್ಟರನ್ನು ತೋರಿಸಿದರು. ಹೀಗೆ ಮಾಡುತ್ತ ಮಾಡುತ್ತ ತಂಡದ ಮ್ಯಾನೇಜರ್ ಆದರು. ಯಾರೂ ನೇಮಿಸಿದ್ದಲ್ಲ.

ಆಟದ ನಿಯಮಗಳು ಅವರಿಗೆ ಪೂರ್ತಿ ತಿಳಿಯಲೇ ಇಲ್ಲ. ಬಿಗಿಯಾದ ಪಂದ್ಯವಾದರೆ ಐಸ್‌ಗೆ ಬೆನ್ನು ಹಾಕಿ ನಿಲ್ಲುತ್ತಿದ್ದರು. ಬಿಲ್ಲೆ ಗೋಲಿನ ಕಂಬಕ್ಕೆ ಬಡಿದ ಸದ್ದಾದರೆ “ಯಾರದ್ದು?” ಎಂದು ನನ್ನನ್ನು ಕೇಳುತ್ತಿದ್ದರು. ಬಾಗಿಲಲ್ಲಿ ನಿಂತು ಕಂದು ಸ್ವೆಟರ್ ಹಾಕಿಕೊಳ್ಳುವುದು, ಹೊರಡುವಾಗ ಬಿಚ್ಚಿ ನನ್ನ ಆಫೀಸಿನ ಮೊಳೆಗೆ ಸಿಕ್ಕಿಸುವುದು. ರಿಂಕಿನ ಬಾಗಿಲನ್ನು ಯಾರಾದರೂ ತೆರೆದಿಟ್ಟರೆ ಅವರು ಸಹಿಸುತ್ತಿರಲಿಲ್ಲ.

“ಬಾಗಿಲು ಹಾಕಿ ಮಾರಾಯ್ರೆ, ಚಳಿ ಹೊರಗೆ ಹೋಗ್ತದೆ.”

ಒಮ್ಮೆ ಒಳಗೆ ಹೆಜ್ಜೆ ಇಟ್ಟು ನೋಡಿ ಎಂದಿದ್ದೆ. ಚೌಕಟ್ಟು ಬೇಕಾದರೆ ಕೊಡುತ್ತೇನೆ ಎಂದೆ.

“ಬೇಡ ಸರ್. ನೀರಿನ ಮೇಲೆ ನಡೆಯುದೆಲ್ಲ ದೊಡ್ಡವರ ಕೆಲಸ. ನಾನು ವೀಸಾದವ.”

ಮೊದಲು ನಾವಿಬ್ಬರೂ ಜಗಳವಾಡಿದ್ದು ಕುರ್ಚಿಯ ವಿಷಯಕ್ಕೆ. ಐಸ್ ಪಕ್ಕದಲ್ಲಿ ಬೆಂಚು ಬಿಟ್ಟು ಬೇರೆ ಪೀಠೋಪಕರಣ ಇರಕೂಡದೆಂದು ನಾನೇ ಬೋರ್ಡು ಹಾಕಿಸಿದ್ದೆ. ತಂಡದ ಮೊದಲ ಪಂದ್ಯದ ದಿನ ಇಬ್ಬರು ಆಳುಗಳು ಕೆತ್ತನೆಯ ಕೈಗಳಿದ್ದ ಭಾರಿ ಕುರ್ಚಿಯೊಂದನ್ನು ಹೊತ್ತು ತಂದರು. ಅದು ಅರ್ಬಾಬರ ಮನೆಯ ಮಜಲಿಸ್‌ನದು, ಎಂದರೆ ಅತಿಥಿಗಳು ಕೂರುವ ಹಾಲಿನದು. ಹಿಂದೆ ಮುದೀರ್, ಒಂದು ಕೈಯಲ್ಲಿ ಅರಬಿ ಕಾಫಿ ಗಾವಾದ ಫ್ಲಾಸ್ಕು, ಇನ್ನೊಂದರಲ್ಲಿ ಖರ್ಜೂರದ ತಟ್ಟೆ.

“ಇದೇನ್ರೀ ಇದು? ಇಲ್ಲಿ ಇಡೋ ಹಾಗಿಲ್ಲ,” ಎಂದೆ.

“ಗೊತ್ತುಂಟು ಸರ್, ನಿಮ್ಮ ಬೋರ್ಡ್ ಓದಿದ್ದೇನೆ. ಆದ್ರೆ ಅರ್ಬಾಬನ್ನು ಬೆಂಚಲ್ಲಿ ಕೂರಿಸ್ಲಿಕ್ಕೆ ಆಗ್ತದಾ? ನೀವೇ ಹೇಳಿ.”

“ಆಗತ್ತೆ. ಎಲ್ಲರೂ ಕೂರ್ತಾರೆ.”

“ಎಲ್ಲರೂ ಟೀಮ್ ಸಾಕುದಿಲ್ಲ ಅಲ್ವಾ?”

ಕೊನೆಗೆ ಒಪ್ಪಂದವಾಯಿತು. ಕುರ್ಚಿಯ ಕಾಲುಗಳಿಗೆ ರಬ್ಬರ್ ಸುತ್ತಬೇಕು. ಪಂದ್ಯ ಮುಗಿದೊಡನೆ ತೆಗೆಯಬೇಕು. ಆ ಒಪ್ಪಂದವನ್ನು ಅವರು ಒಂದು ದಿನವೂ ಮುರಿಯಲಿಲ್ಲ. ಅರ್ಬಾಬ್ ಬರುವುದು ಖಚಿತವಿಲ್ಲದ ದಿನವೂ ಕುರ್ಚಿ ಬರುತ್ತಿತ್ತು, ಪಕ್ಕದ ಸಣ್ಣ ಮೇಜಿನ ಮೇಲೆ ಗಾವಾ ಬಿಸಿಯಾಗಿ ಕಾಯುತ್ತಿತ್ತು. ಯಜಮಾನರು ಬಾರದಿದ್ದರೆ ಪಂದ್ಯದ ನಂತರ ಆ ಗಾವಾವನ್ನು ನಾವಿಬ್ಬರು ನನ್ನ ಆಫೀಸಿನಲ್ಲಿ ಕುಡಿಯುತ್ತಿದ್ದೆವು. ನನಗೆ ಅದರ ರುಚಿ ಹಿಡಿಸಲಿಲ್ಲ. ಅವರಿಗೂ ಹಿಡಿಸಿರಲಿಲ್ಲ. ಚೆಲ್ಲಬಾರದೆಂದು ಕುಡಿಯುತ್ತಿದ್ದೆವು.

ನಾಲ್ಕನೆಯ ಸೀಸನ್ ಶುರುವಾದ ಸ್ವಲ್ಪ ದಿನಕ್ಕೆ ಅರ್ಬಾಬ್ ತೀರಿಕೊಂಡರು.

ಇಬ್ಬರು ಗಂಡುಮಕ್ಕಳು. ಹಿರಿಯರು ಗೋದಾಮು, ವ್ಯಾಪಾರ ನೋಡುತ್ತಿದ್ದರು, ಕಿರಿಯರು ಕಟ್ಟಡಗಳನ್ನು. ಆಸ್ತಿ ಭಾಗವಾಗುತ್ತಿದೆ ಎಂದು ಕಂಪನಿಯ ಡ್ರೈವರುಗಳವರೆಗೆ ಎಲ್ಲರಿಗೂ ಗೊತ್ತಿತ್ತು, ಬಾಯಿಬಿಟ್ಟು ಹೇಳುವವರು ಮಾತ್ರ ಯಾರೂ ಇರಲಿಲ್ಲ. ತಂಡ ಯಾರ ಪಾಲಿಗೆ? ಹಿರಿಯರ ಆಫೀಸಿನಲ್ಲಿ ಕೇಳಿದರೆ ಕಿರಿಯರನ್ನು ಕೇಳಿ ಎನ್ನುತ್ತಿದ್ದರು. ಅಲ್ಲಿ ಕೇಳಿದರೆ ಹಿರಿಯರಿದ್ದಾರಲ್ಲ ಎನ್ನುತ್ತಿದ್ದರು. ವಿದೇಶಿ ಆಟಗಾರರ ವೀಸಾ ನವೀಕರಣಕ್ಕೆ ಯಜಮಾನರೆಂದು ಒಬ್ಬರ ಸಹಿ ಬೇಕು. ಸಹಿ ಇಲ್ಲದಿದ್ದರೆ ಅವರನ್ನು ಊರಿಗೆ ಕಳಿಸಬೇಕು. ಅವರಿಲ್ಲದೆ ತಂಡವಿಲ್ಲ.

ಗೋಲ್ ಕಾಯುತ್ತಿದ್ದವನು ಯುರೋಪಿನಿಂದ ಹೆಂಡತಿ ಮಗಳನ್ನು ಕರೆದುಕೊಂಡು ಬಂದಿದ್ದ. ಮಗಳನ್ನು ಇಲ್ಲಿಯ ಶಾಲೆಗೆ ಸೇರಿಸಿದ್ದ. ಅಭ್ಯಾಸ ಮುಗಿದ ಮೇಲೆ ಮುಖದ ಜಾಲರಿ ಎತ್ತಿ ಪ್ರತಿ ದಿನ ಒಂದೇ ಪ್ರಶ್ನೆ ಕೇಳುತ್ತಿದ್ದ.

“ಮುದೀರ್, ಹೋಗುವುದಾ, ಇರುವುದಾ?”

“ಮಾಫಿ ಮುಶ್ಕಿಲ್,” ಎನ್ನುತ್ತಿದ್ದರು ಮುದೀರ್. ತೊಂದರೆ ಇಲ್ಲ ಎಂದು. ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳುತ್ತಿದ್ದರು: “ಸೀಸನ್ ಮುಗಿಸುದುಂಟು. ಮತ್ತೆ ಏನು ಬೇಕಾದ್ರೂ ಆಗ್ಲಿ. ಅರ್ಧದಲ್ಲಿ ಬಿಟ್ರೆ ಅರ್ಬಾಬಿಗೆ ಮರ್ಯಾದೆ ಅಲ್ಲ.”

“ನಿಮ್ಮ ವೀಸಾ ಕಥೆ ಏನು?” ಎಂದು ಒಮ್ಮೆ ಕೇಳಿದೆ. ಅವರೂ ಅದೇ ಕಂಪನಿಯ ವೀಸಾದಲ್ಲಿದ್ದವರು.

“ಅದು ಹಿಂದಿನಿಂದ ಬರ್ತದೆ, ರೈಲಿಗೆ ಡಬ್ಬಿ ಇದ್ದ ಹಾಗೆ. ಎಂಜಿನ್ ಹೋಗ್ಲಿ ಮೊದ್ಲು.”

ಸಹಿಯ ವಿಷಯ ಬಗೆಹರಿಯಲಿ ಎಂದು ಅವರು ಒಂದು ಉಪಾಯ ಮಾಡಿದರು. ಇಬ್ಬರು ಅಣ್ಣತಮ್ಮಂದಿರನ್ನೂ ಒಂದೇ ಪಂದ್ಯಕ್ಕೆ ಕರೆದರು. ಇಬ್ಬರೂ ಬರುತ್ತೇವೆ ಎಂದರು. ಆ ಶುಕ್ರವಾರ ಆಳುಗಳು ಎರಡು ಕುರ್ಚಿ ಹೊತ್ತು ತಂದರು. ಎರಡೂ ಹೊಸವು, ಒಂದೇ ಎತ್ತರ, ಒಂದೇ ಬಣ್ಣ. ಮುದೀರ್ ಹಗ್ಗ ಹಿಡಿದು ಅಳೆದವರಂತೆ ಅವನ್ನು ಪಕ್ಕಪಕ್ಕ ಜೋಡಿಸಿದರು. ಎರಡು ಮೇಜು, ಎರಡು ಫ್ಲಾಸ್ಕು, ಎರಡು ತಟ್ಟೆ.

“ಹಳೆ ಕುರ್ಚಿ ಎಲ್ಲಿ?” ಎಂದೆ.

“ಅದು ಒಂದೇ ಅಲ್ವಾ ಸರ್. ಯಾರನ್ನು ಕೂರಿಸುದು, ಯಾರನ್ನು ಬಿಡುದು? ನಮ್ಮಲ್ಲಿ ಮದುವೆಗೆ ಗಂಡಿನ ಕಡೆ ಹಿರಿಯರಿಗೊಂದು, ಹೆಣ್ಣಿನ ಕಡೆಯವರಿಗೊಂದು ಜೋಡಿ ಕುರ್ಚಿ ಹಾಕುದಿಲ್ವಾ? ಹಾಗೆ. ಯಾರಿಗೂ ಬೇಜಾರಿಲ್ಲ.”

ನನಗೂ ಅದು ಸರಿಯೆಂದೇ ತೋರಿತು. ಸಮ ಸಮ ಇಟ್ಟರೆ ಜಗಳವಿಲ್ಲ ಎಂಬ ಶಿಸ್ತಿನಲ್ಲೇ ನಾನು ಬೆಳೆದವನು.

ಹಿರಿಯರು ಮೊದಲು ಬಂದರು. ಕುರ್ಚಿಗಳನ್ನು ನೋಡಿ ನಿಂತರು. ಇನ್ನೊಂದು ಯಾರಿಗೆ ಎಂದು ಕೇಳಿದರು. ನಿಮ್ಮ ತಮ್ಮನವರಿಗೆ ಎಂದರು ಮುದೀರ್, ಖುಷಿಯಿಂದಲೇ. ಹಿರಿಯರು ಗ್ಯಾಲರಿಯ ಕಡೆ ಒಮ್ಮೆ ಕಣ್ಣಾಡಿಸಿದರು. ಸಾಕಷ್ಟು ಜನ ಇದ್ದರು. ಎಲ್ಲರೂ ಆ ಎರಡು ಕುರ್ಚಿಗಳನ್ನೇ ನೋಡುತ್ತಿದ್ದರು. ಹಿರಿಯರು ಗಾವಾದ ಬಟ್ಟಲನ್ನು ನಿಂತೇ ಖಾಲಿ ಮಾಡಿ ಹೊರಟುಹೋದರು. ಸ್ವಲ್ಪ ಹೊತ್ತಿಗೆ ಕಿರಿಯರು ಬಂದರು. ಅಣ್ಣ ಬಂದು ಕೂರದೆ ಹೋದರೆಂದು ತಿಳಿಯಿತು. ಅವರು ಬಟ್ಟಲನ್ನೂ ಮುಟ್ಟದೆ ಹೊರಟರು. ಪಂದ್ಯ ಮುಗಿಯುವವರೆಗೆ ಎರಡು ಖಾಲಿ ಕುರ್ಚಿಗಳು ಜೋಡಿಯಾಗಿ ಕೂತಿದ್ದವು. ನಮ್ಮವರು ಗೆದ್ದರು. ಅದನ್ನು ಯಾರೂ ಗಮನಿಸಲಿಲ್ಲ.

ಮಾರನೆಯ ದಿನ ಕಂಪನಿಯ ಬಸ್ಸು ನಿಂತಿತು. ಆಟಗಾರರ ವೀಸಾ ಫೈಲುಗಳನ್ನು ಬದಿಗಿಡಲು ಹೇಳಿಕೆ ಬಂತು. ತಿಂಗಳ ಕೊನೆಗೆ ಇತ್ಯರ್ಥವಾಗದಿದ್ದರೆ ಎಲ್ಲರಿಗೂ ಟಿಕೆಟು.

ತಂಡದ ನಾಯಕ ಸ್ಥಳೀಯ ಹುಡುಗ, ಹಗಲು ಸರ್ಕಾರಿ ಕೆಲಸ, ಸಂಜೆ ಆಟ. ಮುದೀರ್ ಜೊತೆ ಅವನಿಗೆ ಸಲಿಗೆ. ನಾವಿಬ್ಬರು ಕೂತಿದ್ದ ನನ್ನ ಆಫೀಸಿಗೆ ಬಂದು, ಹೆಲ್ಮೆಟ್ಟನ್ನು ಮೇಜಿನ ಮೇಲಿಟ್ಟು, ಗಲ್ಫಿನ ಹಿಂದಿಯಲ್ಲಿ ಹೇಳಿದ:

“ಮುದೀರ್, ಘರ್ ಕಾ ಬಾತ್ ತುಮ್ ಬಾಹರ್ ರಖ್ ದಿಯಾ.”

ಮನೆಯ ಮಾತನ್ನು ಹೊರಗೆ ಇಟ್ಟುಬಿಟ್ಟಿರಿ ಎಂದು. ಮುದೀರ್‌ಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ. ಅವನು ತಾಳ್ಮೆಯಿಂದ ಬಿಡಿಸಿ ಹೇಳಿದ. ತಂದೆಯ ಆಸನ ಒಂದೇ. ಆ ಮನೆ ಎರಡಾಗುತ್ತಿದೆ ಎಂದು ಅಣ್ಣತಮ್ಮಂದಿರು ಇನ್ನೂ ತಾಯಿಗೂ ಹೇಳಿಲ್ಲ. ನೀವು ಎರಡು ಕುರ್ಚಿ ಹಾಕಿ ಊರಿಗೇ ಹೇಳಿದಿರಿ. ಯಾರು ಕೂತರೂ ಹೌದು ಎಂದ ಹಾಗೆ. ಅದಕ್ಕೇ ಯಾರೂ ಕೂರಲಿಲ್ಲ.

ನಾಯಕ ಮುದೀರ್ ಭುಜ ತಟ್ಟಿ, “ಯಲ್ಲಾ, ಚಾಯ್ ಪಿಲಾವ್,” ಎಂದ. ಅವರು ಎದ್ದು ಚಹಾ ತರಿಸಿದರು. ತಾವು ಕುಡಿಯಲಿಲ್ಲ.

“ಹೋಗಿ ಕ್ಷಮೆ ಕೇಳಿ,” ಎಂದೆ.

“ಯಾರ ಹತ್ರ ಸರ್? ಒಬ್ಬರ ಹತ್ರ ಮೊದ್ಲು ಹೋದ್ರೆ ಅದು ಇನ್ನೊಂದು ಕುರ್ಚಿ.”

ಆ ಮಾತು ಸರಿಯಾಗಿತ್ತು.

ಮುಂದಿನ ಪಂದ್ಯ ಅಲ್ ಐನ್‌ನಲ್ಲಿ. ಮುದೀರ್ ಇಬ್ಬರ ಸೆಕ್ರೆಟರಿಗಳಿಗೂ ಫೋನ್ ಮಾಡಿದ್ದು ನನ್ನ ಎದುರಿಗೇ. ಇಬ್ಬರಿಗೂ ಒಂದೇ ವಾಕ್ಯ: ಶುಕ್ರವಾರ ಅಲ್ ಐನ್‌ನಲ್ಲಿ ಬಾಬಾ ಅವರ ಟೀಮಿನ ಆಟ ಇದೆ. ಬಾಬಾ ಎಂದರೆ ತಂದೆ. ಬನ್ನಿ ಎನ್ನಲಿಲ್ಲ. ಸಹಿಯ ಮಾತೆತ್ತಲಿಲ್ಲ. ಫೋನ್ ಇಟ್ಟು ಕರವಸ್ತ್ರದಿಂದ ರಿಸೀವರ್ ಒರೆಸಿದರು.

ಬಸ್ಸಿಲ್ಲ. ಆಟಗಾರರು ಅವರವರ ಕಾರಿನಲ್ಲಿ ಹೊರಟರು. ಅರ್ಬಾಬರ ಹಳೆಯ ಕುರ್ಚಿಯನ್ನು ನಾಯಕನ ಪಿಕಪ್ಪಿನಲ್ಲಿ ಹಗ್ಗ ಬಿಗಿದು ನಿಲ್ಲಿಸಿದರು. ನನಗೆ ರಜೆ ಇತ್ತು, ಮುದೀರ್ ಕಾರಿನಲ್ಲಿ ನಾನೂ ಹೋದೆ. ದಾರಿಯುದ್ದಕ್ಕೂ ಕುರ್ಚಿ ನಮ್ಮ ಮುಂದೆ, ನಮ್ಮನ್ನೇ ನೋಡುತ್ತ, ಮರಳುಗಾಡಿನ ನಡುವೆ ಓಡುತ್ತಿತ್ತು. ಪೆಟ್ರೋಲ್ ಪಂಪಿನ ಹುಡುಗ ಇದು ಯಾರ ಮನೆ ಶಿಫ್ಟಿಂಗ್ ಎಂದು ಕೇಳಿದ. ನಾಯಕ ನಮ್ಮ ಕಡೆ ಕೈ ತೋರಿಸಿ, ಆ ಮುದುಕರಿಬ್ಬರದು, ಇರುವುದೇ ಇದೊಂದು ಸಾಮಾನು ಎಂದ. ಮುದೀರ್ ಆ ದಿನ ನಕ್ಕದ್ದು ಅಷ್ಟೇ.

ಅಲ್ ಐನ್ ರಿಂಕಿನವರ ಅಪ್ಪಣೆ ಪಡೆದು ಕುರ್ಚಿ ಇಟ್ಟರು. ಕಾಲಿಗೆ ರಬ್ಬರ್. ಒಂದು ಮೇಜು. ಒಂದು ಫ್ಲಾಸ್ಕು. ಬಟ್ಟಲುಗಳನ್ನು ಮಾತ್ರ ಒಂದರೊಳಗೊಂದು ಜೋಡಿಸಿಟ್ಟರು, ಎಷ್ಟಿವೆ ಎಂದು ಕಾಣದಂತೆ.

ಮೊದಲ ಅವಧಿ ಮುಗಿಯಿತು. ಯಾರೂ ಬರಲಿಲ್ಲ. ಮುದೀರ್ ಐಸ್‌ಗೆ ಬೆನ್ನು ಹಾಕಿ ಬಾಗಿಲನ್ನೇ ನೋಡುತ್ತ ನಿಂತಿದ್ದರು. ಎರಡನೆಯ ಅವಧಿಯ ನಡುವೆ ಹಿರಿಯರು ಬಂದರು. ಖಾಲಿ ಕುರ್ಚಿ ನೋಡಿದರು. ಅದರ ಬಲಕ್ಕೆ ನಿಂತು ಬೆನ್ನಿನ ಮೇಲೆ ಕೈ ಇಟ್ಟರು. ಕೂರಲಿಲ್ಲ. ಸ್ವಲ್ಪ ಹೊತ್ತಿಗೆ ಕಿರಿಯರು ಬಂದು ಎಡಕ್ಕೆ ನಿಂತರು. ಮುದೀರ್ ಫ್ಲಾಸ್ಕು ಎತ್ತಿದರು. ಕಿರಿಯರು ಕೈ ಚಾಚಿ ಅದನ್ನು ತೆಗೆದುಕೊಂಡು, ತಾವೇ ಬಗ್ಗಿಸಿ, ಬಟ್ಟಲನ್ನು ಅಣ್ಣನಿಗೆ ಕೊಟ್ಟರು. ಅಣ್ಣ ಕುಡಿದು ಬಟ್ಟಲನ್ನು ಅಲ್ಲಾಡಿಸಿ ಹಿಂದಿರುಗಿಸಿದರು. ಇನ್ನು ಸಾಕು ಎಂಬುದಕ್ಕೆ ಅಲ್ಲಿಯ ರೂಢಿ ಅದು. ಇಬ್ಬರೂ ಆಟ ಮುಗಿಯುವವರೆಗೆ ನಿಂತೇ ನೋಡಿದರು. ಏನೋ ಮಾತಾಡಿಕೊಂಡರು. ನನಗೆ ಕೇಳಿಸಲಿಲ್ಲ, ಕೇಳಿಸಿದ್ದರೂ ಅರ್ಥವಾಗುತ್ತಿರಲಿಲ್ಲ.

ಹೊರಡುವಾಗ ಹಿರಿಯರು ಮುದೀರ್‌ಗೆ ಹೇಳಿದ್ದು ಇಷ್ಟು: ಈ ಸೀಸನ್ ಬಾಬಾದು. ಅದರಾಚೆಗೆ ಇಲ್ಲ.

ಫೈಲುಗಳು ಮೇಲೆ ಬಂದವು, ಸಹಿಯೂ ಬಿತ್ತು. ಬಸ್ಸೂ ಬಂತು. ಗೋಲ್ ಕಾಯುವವನ ಮಗಳು ಪರೀಕ್ಷೆ ಮುಗಿಸುವಳೆಂದಾಯಿತು. ಸೀಸನ್ ಮುಗಿದ ಮೇಲೆ ತಂಡ ಇರುವುದಿಲ್ಲ ಎಂದು ಮುದೀರ್ ಆಟಗಾರರನ್ನು ಕೂರಿಸಿ ತಾವೇ ಹೇಳಿದರು. ಇನ್ನೊಂದು ಮಾತನ್ನು ಅವರು ಹೇಳಲಿಲ್ಲ. ನಾನು ತಿಳಿದದ್ದು ನಂತರ. ಅವರ ಕೆಲಸವೂ ತಂಡದ ಜೊತೆಗೇ ಮುಗಿಯುವುದೆಂದು ತೀರ್ಮಾನವಾಗಿತ್ತು. ಎರಡು ಕುರ್ಚಿ ಹಾಕಿದವರನ್ನು ಯಾವ ಪಾಲಿನವರೂ ಇಟ್ಟುಕೊಳ್ಳಲಿಲ್ಲ.

ಕೊನೆಯ ಪಂದ್ಯ ನಮ್ಮ ರಿಂಕಿನಲ್ಲೇ ನಡೆಯಿತು. ನಮ್ಮವರು ಸೋತರು. ಕಪ್ ಅಬುಧಾಬಿಯವರಿಗೆ ಹೋಯಿತು. ಅಣ್ಣತಮ್ಮಂದಿರು ಬಂದಿರಲಿಲ್ಲ, ಬರುತ್ತಾರೆಂದು ಯಾರೂ ಕಾದಿರಲೂ ಇಲ್ಲ. ಕುರ್ಚಿ ಮಾತ್ರ ಇತ್ತು, ಗಾವಾ ಇತ್ತು. ಎದುರು ತಂಡ ಒಳಗೆ ಹೋದ ಮೇಲೆ ನಮ್ಮ ಆಟಗಾರರು ಐಸ್ ಮೇಲೇ ಉಳಿದರು. ನಾಯಕ ಗೇಟು ತೆರೆದು, ಕುರ್ಚಿಯ ಕಾಲಿನ ರಬ್ಬರ್ ಬಿಚ್ಚತೊಡಗಿದ. ಐಸ್ ಮೇಲೆ ಪೀಠೋಪಕರಣ ತರುವುದಕ್ಕೆ ನನ್ನ ಬೋರ್ಡಿನಲ್ಲಿ ನಿಷೇಧವಿರಲಿಲ್ಲ. ಅಂಥದ್ದನ್ನು ಯಾರಾದರೂ ಮಾಡುತ್ತಾರೆಂದು ನನಗೆ ಹೊಳೆದೇ ಇರಲಿಲ್ಲ.

“ಮುದೀರ್, ಕೂತ್ಕೋ. ಒಂದು ಸುತ್ತು ಹೊಡೆಸ್ತೇವೆ,” ಎಂದು ಹಿಂದಿಯಲ್ಲಿ ಕರೆದ.

“ಅರ್ಬಾಬ್ ಕುರ್ಚಿಯಲ್ಲಾ? ಆಗುದಿಲ್ಲ,” ಎಂದರು ಮುದೀರ್ ಕನ್ನಡದಲ್ಲೇ. ಅವನಿಗೆ ಅರ್ಥವಾಯಿತು.

ಕುರ್ಚಿ ಆಗಲೇ ಐಸ್ ಮೇಲಿತ್ತು. ಮುದೀರ್ ಗೇಟಿನ ಹತ್ತಿರ ಬಂದು ನಿಂತರು. ನನ್ನ ಕಡೆ ಒಮ್ಮೆ ನೋಡಿದರು. ಬಳಿಕ ಕುರ್ಚಿಯ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದು, ಚರ್ಮದ ಬೂಟಿನಲ್ಲೇ ಒಂದು ಕಾಲನ್ನು ಒಳಗಿಟ್ಟರು, ಇನ್ನೊಂದನ್ನೂ ಇಟ್ಟರು. ಹೊಸದಾಗಿ ಕಲಿಯುವ ಮಕ್ಕಳು ಚೌಕಟ್ಟು ಹಿಡಿಯುವುದೂ ಹಾಗೆಯೇ. ಖಾಲಿ ಕುರ್ಚಿ ಮುಂದೆ, ಅದನ್ನು ತಳ್ಳುತ್ತ ಸ್ವೆಟರಿನ ಮುದೀರ್ ಹಿಂದೆ. ಆಟಗಾರರು ಮುಟ್ಟದೆ, ಬಿದ್ದರೆ ಹಿಡಿಯುವಷ್ಟು ದೂರದಲ್ಲಿ ಎರಡೂ ಬದಿ ಜಾರಿಕೊಂಡು ಹೋದರು. ಗೋಲ್ ಕಾಯುವವನು ಮುಖದ ಜಾಲರಿ ಎತ್ತಿಕೊಂಡಿದ್ದ.

ಅವರು ಆಚೆ ಗೋಲಿನ ಹತ್ತಿರ ತಲುಪಿದಾಗ ತಂಡದ ವೇಳೆ ಮುಗಿಯಿತು. ಮುಂದಿನ ತಂಡದವರು ಬಾಗಿಲಲ್ಲಿ ಕಾಯುತ್ತಿದ್ದರು. ನಾನು ಹಾರ್ನ್ ಒತ್ತಿದೆ.

ಮುದೀರ್ ನಿಂತರು. ಅಲ್ಲೇ ಪಕ್ಕದ ಗೇಟಿನ ಕಡೆಗೆ ಕುರ್ಚಿ ತಿರುಗಿಸಿದರು.

“ಇನ್ನೂ ಅರ್ಧ ಸುತ್ತಿದೆ,” ಎಂದ ನಾಯಕ.

“ಸರ್ ಹಾರ್ನ್ ಹೊಡೆದ್ರಲ್ಲ. ಖಲಾಸ್,” ಎಂದರು ಮುದೀರ್. “ಸೀಸನ್ ಮುಗೀತು.”

ಗೇಟಿನಾಚೆ ಕುರ್ಚಿ ಇಳಿಸಿ, ಅದರ ಕಾಲುಗಳಿಗೆ ಮತ್ತೆ ರಬ್ಬರ್ ಸುತ್ತಿಸಿದರು. ನನ್ನ ಆಫೀಸಿಗೆ ಬಂದು ಸ್ವೆಟರ್ ಬಿಚ್ಚಿ ಮೊಳೆಗೆ ಸಿಕ್ಕಿಸಿದರು. ಗಾವಾ ಇನ್ನೂ ಬಿಸಿಯಿತ್ತು; ಇಬ್ಬರೂ ಕುಡಿದೆವು. ಕಿಟಕಿಯಾಚೆ ಯಂತ್ರ ಐಸ್ ಸಮ ಮಾಡುತ್ತ ಹೋಗುತ್ತಿತ್ತು. ಕುರ್ಚಿಯ ಕಾಲುಗಳ ಗೆರೆಗಳು ಆಚೆ ಗೋಲಿನವರೆಗೆ ಇದ್ದವು, ಅವುಗಳ ನಡುವೆ ಬೂಟಿನ ಗುರುತುಗಳು. ಯಂತ್ರ ಒಂದು ಸಲ ಹಾದುಹೋಯಿತು. ಮತ್ತೆ ನೋಡಿದಾಗ ಏನೂ ಇರಲಿಲ್ಲ.